ಬ್ರೆಜಿಲ್‌ನವಳಾದ ಹಳಿಯಾಳದ ರೋಜಿ

ಮೊನ್ನೆ ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಕಟ್ಟಡದ ಲಿಫ್ಟಿನಲ್ಲಿ, ನೇರವಾಗಲೆಂದು ಕೆರಾಟಿನ್ ಮಾಡಿಸಿದ ಕೂದಲಿನ ಘಾಟು. ಬೇರೆಯವರು ಮೂಗು ಮುಚ್ಚಿದರು. ನನಗೆ ರೋಜಿ ನೆನಪಾದಳು.

ಕುವೈತಿಗೆ ಬಂದ ನಮ್ಮ ಕಡೆಯ ಹೆಂಗಸರ ಕೂದಲು ಉದುರುವುದು ನಿಮಗೂ ಗೊತ್ತಿರಬಹುದು. ನಾವು ನೀರನ್ನು ದೂರುತ್ತೇವೆ, ವಯಸ್ಸನ್ನಲ್ಲ. ವರ್ಷಗಳ ಹಿಂದೆ ನಾನೂ ದೂರುತ್ತಲೇ ಕುವೈತ್ ನಗರದ ಮಿರ್ಕಾಬಿನ ಪಾರ್ಲರೊಂದಕ್ಕೆ ಹೋಗಿದ್ದೆ. 'ಬ್ರೆಜಿಲ್‌ನ ತಜ್ಞೆ' ಎಂದು ಬೋರ್ಡಿತ್ತು. ಕಪ್ಪು ಬಣ್ಣದ, ಗುಂಗುರು ಕೂದಲಿನ ಹುಡುಗಿಯೊಬ್ಬಳು ಮಾತಿಲ್ಲದೆ ನನ್ನ ತಲೆ ಹಿಡಿದಳು. ನಾನು ಫೋನಿನಲ್ಲಿ ತಂಗಿಗೆ ಕೊಂಕಣಿಯಲ್ಲಿ, "ಈ ಬ್ರೆಜಿಲ್‌ನವಳ ಕೈ ಬಹಳ ಒರಟು ಮಾರಾಯ್ತಿ" ಎಂದೆ.

"ಅಲ್ಲಾಡದೆ ಕೂತರೆ ಮೆತ್ತಗಾಗ್ತದೆ, ಅಕ್ಕಾ." ಕಿವಿಯ ಬಳಿ ಅದೇ ಕೊಂಕಣಿ.

ರೋಜಿ ಹಳಿಯಾಳದ ಸಿದ್ದಿ ಹುಡುಗಿ. "ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹೇಳದೆ ಕೇಳದೆ ಹಡಗಿಗೆ ತುಂಬಿ ತಂದರು. ನಾನು ಕೇಳಿಕೊಂಡೇ ವಿಮಾನ ಹತ್ತಿದೆ," ಎಂದು ನಕ್ಕಳು. ಬ್ರೆಜಿಲ್ ಎಂಬುದು ಪಾರ್ಲರಿನ ಕುವೈತಿ ಯಜಮಾನಿಯ ಉಪಾಯ. ಸ್ವಂತ ಪಾರ್ಲರ್ ರೋಜಿಯ ಕನಸು.

ಹೊಸ ಶಾಖೆಗೆ ಅವಳನ್ನೇ ಮ್ಯಾನೇಜರ್ ಮಾಡಲು ಯಜಮಾನಿ ಒಪ್ಪಿದಳು. ಒಂದೇ ಷರತ್ತು: ಅಂಗಡಿಯೊಳಗೆ ಊರಿನ ಭಾಷೆ ಬಾಯಿಂದ ಹೊರಡಬಾರದು.

"ಒಪ್ಪಿಕೋ. ಯಾವ ಊರಾದರೇನು?" ಎಂದು ನಾನು ಧಾರಾಳವಾಗಿ ಉಪದೇಶಿಸಿದೆ.

"ಅವ್ವ ಫೋನ್ ಮಾಡಿದರೆ ಯಾರಂತ ಮಾತಾಡಲಿ, ಅಕ್ಕಾ?"

ಅವಳು ಕೆಲವು ದಿನ ಮಂಕಾಗಿಯೇ ಇದ್ದು, ಕೊನೆಗೆ ಒಪ್ಪಿಕೊಂಡಳು.

ಶಾಖೆಯ ಉದ್ಘಾಟನೆಗೆ ನಾನೂ ಹೋಗಿದ್ದೆ. "ನಿನ್ನ ಭಾಷೆಯಲ್ಲಿ ಎರಡು ಮಾತು ಹೇಳು" ಎಂದು ಯಜಮಾನಿ ರೋಜಿಗೆ ಮೈಕ್ ಕೊಟ್ಟಳು, ಬ್ರೆಜಿಲ್‌ನದೆಂಬಂತೆ ಏನಾದರೂ ಒದರುತ್ತಾಳೆಂದು ನಂಬಿ. ಹೇಳಿಯೇಬಿಟ್ಟಳು: "ಎಲ್ಲಾರಿಗೂ ನಮಸ್ಕಾರ. ನಾನು ರೋಜಿ ಸಿದ್ದಿ, ಹಳಿಯಾಳದಾಕಿ. ಬ್ರೆಜಿಲ್ ಎಲ್ಲೈತೋ ಕಂಡಿಲ್ಲ. ಕೂದಲ ಕೆಲಸ ಮಾತ್ರ ಚಲೋ ಬರ್ತೈತಿ."

ಅದನ್ನು ಬ್ರೆಜಿಲ್‌ನ ಭಾಷೆಯೆಂದೇ ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು, ಯಜಮಾನಿಯದೇ ಜೋರು. ನನಗೆ ಜ್ಯೂಸ್ ನೆತ್ತಿಗೇರಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ, ನಮ್ಮ ಕರಾವಳಿಯ ಬ್ಯಾರಿ ಹೆಂಗಸೊಬ್ಬರು ಯಜಮಾನಿಯ ಕೈ ಕುಲುಕಿ, ನಮ್ಮ ಕರ್ನಾಟಕದ ಹುಡುಗಿಯನ್ನು ಮ್ಯಾನೇಜರ್ ಮಾಡಿದ್ದೀರಿ, ಬಹಳ ಸಂತೋಷ ಎಂದು ಅರಬಿಯಲ್ಲಿ ಹೇಳಿದರು. ಚಪ್ಪಾಳೆ ನಿಂತಿತು. ಮ್ಯಾನೇಜರ್ ಕೆಲಸ ಅಲ್ಲಿಗೇ ಖಲಾಸ್.

"ಪಾಪ, ಆಕೆ ಗೊತ್ತಿಲ್ಲದೆ ನಿನಗೆ ಕುತ್ತು ತಂದರು," ಎಂದು ಹೊರಗೆ ಬಂದಾಗ ನಾನು ಮರುಗಿದೆ.

"ಅವರನ್ನು ಕರೆದವಳೇ ನಾನು," ಎಂದಳು ರೋಜಿ. ನಕ್ಕಳು, ಆಮೇಲೆ ನನ್ನ ಭುಜಕ್ಕೊರಗಿ ಚೆನ್ನಾಗಿ ಅತ್ತಳು.

ಆ ಬ್ಯಾರಿ ಹೆಂಗಸೇ ಪಾಲುದಾರರಾಗಿ, ಕೆಲವು ವರ್ಷಗಳ ನಂತರ ಫರ್ವಾನಿಯಾದಲ್ಲಿ ರೋಜಿಯ ಪಾರ್ಲರ್ ತೆರೆಯಿತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಈಗ ಅಲ್ಲಿಗೇ ಹೋಗುತ್ತಾಳೆ. ಕನ್ನಡದಲ್ಲಿ ಉತ್ತರಿಸುವವರೆಗೆ ರೋಜಿ ಅವಳ ಜಡೆ ಬಿಡುವುದಿಲ್ಲ. ನಿನ್ನೆ ಬಂದವಳೇ, "ಅಮ್ಮಾ, ಹಳಿಯಾಳ ಹೇಗಿದೆ?" ಎಂದು ಕೇಳಿದಳು. ಮಂಗಳೂರಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ನೋಡಿಯೇ ಇಲ್ಲ. ಈ ರಜೆಗೆ ಅಲ್ಲಿಗೇ ಹೊರಟಿದ್ದೇವೆ, ರೋಜಿಯ ಅವ್ವನ ಮನೆಗೆ.