ನನ್ನ ಜಾಗಕ್ಕೆ ಬಂದ ಕಾರಕೂನರು

ಧಣಿಯವರ ವಾಡೆಯ ಕಾರಕೂನಿಕೆ ಬಿಟ್ಟು ನಾನು ನರಗುಂದಕ್ಕೆ ಹೋದದ್ದು ಅವರಿಗೆ ಸಿಟ್ಟು ತರಿಸಿತ್ತು. ಜಕ್ಕಲಿಯಲ್ಲಿ ಅವರು ನನಗೆ ಇನಾಮು ಕೊಟ್ಟಿದ್ದ ಹೊಲಕ್ಕೆ ಕಾಗದ ತೋರಿಸದಿದ್ದರೆ ಕಂದಾಯ ಹಾಕುತ್ತೇವೆ ಎಂದು ಕಂಪನಿ ಸರಕಾರದವರು ಹೇಳಿದಾಗ, ಆ ಕಾಗದದ ನಕಲು ಕೇಳಲು ಗಜೇಂದ್ರಗಡದ ಅದೇ ವಾಡೆಗೆ ಹೋದೆ.

"ಅಂಥಾ ಕಾಗದ ನಮ್ಮ ದಫ್ತರದಾಗ ಇಲ್ಲ ಅಂತ ಬರದು ಕೊಡ್ರಿ," ಎಂದು ಧಣಿ ಹೊಸ ಕಾರಕೂನ ಹುಸೇನಸಾಹೇಬರಿಗೆ ಹೇಳಿದರು.

ನಾನು ಅಂದೇ ಮೊದಲು ನೋಡಿದ ಆ ಮನುಷ್ಯ ಲೇಖಣಿ ಕೆಳಗಿಟ್ಟರು. "ಐತ್ರಿ ಧಣ್ಯಾರ. ನಿನ್ನೆ ನಾನ ಓದೀನಿ. ಇಲ್ಲ ಅಂತ ಹ್ಯಾಂಗ ಬರೀಲ್ರಿ?"

ಅನ್ನ ಕೊಡುವವರೆದುರು ಹಾಗೆನ್ನುವ ಎದೆ ನನಗೆ ಹತ್ತು ವರ್ಷದಲ್ಲಿ ಬಂದಿರಲಿಲ್ಲ. ಧಣಿ ಆ ಕಾಗದ ತರಿಸಿ ನೋಡಿ, ಕೊನೆಗೆ ನಕಲಿಗೆ ಮುದ್ರೆ ಒತ್ತಿದರು.

ಬಾಗಿಲ ತನಕ ಬಂದ ಹುಸೇನಸಾಹೇಬರಿಗೆ ಕೈಮುಗಿದೆ.

"ಧಣ್ಯಾರು ನನಗ ಕೊಟ್ಟ ಹೊಲದ ನಕಲಿಗೂ ಇದರ ಜೋಡೀಲೆ ಮುದ್ರಿ ಹಾಕಿಸೀನ್ರಿ," ಅಂದರು. "ನಾಳಿ ನಾನೂ ಕೆಲಸ ಬಿಟ್ರ ಬೇಕಾಗ್ತೈತಿ."