ಚಿಪ್ ಕಳ್ಳನನ್ನು ಹುಡುಕಿಕೊಂಡು ಯಲಹಂಕದವರೆಗೆ

ಎಂಬತ್ತರ ದಶಕದ ಒಂದು ಬುಧವಾರ, ಬೆಳಿಗ್ಗೆ ಎಂಟಕ್ಕೆ ಯಶವಂತಪುರದಲ್ಲಿ ಹೆಬ್ಬಾಳದ ಬಸ್ಸು ಹತ್ತಿದೆ. ಟಿಕೆಟ್ ಎಂಬತ್ತು ಪೈಸೆ. ಚಿಲ್ಲರೆ ಇಲ್ಲವೆಂದ ಕಂಡಕ್ಟರನ ಚೀಲವನ್ನು ಇಳಿಯುವವರೆಗೂ ದುರುಗುಟ್ಟಿಕೊಂಡು ನೋಡಿದೆ. ನನ್ನ ಸ್ವಭಾವವೇ ಹಾಗೆ.

ನಮ್ಮದು ಎಲೆಕ್ಟ್ರಾನಿಕ್ ತಕ್ಕಡಿ ಮಾಡುವ ಸಣ್ಣ ಕಾರ್ಖಾನೆ. ಸಾಮಾನು ಕೊಳ್ಳುವ ಕೆಲಸ ನನ್ನದು. ಮೂರು ತಿಂಗಳಿಂದ ಚಿಪ್‌ಗಳು ಸರಿಯಾಗಿ ಬರುತ್ತಿರಲಿಲ್ಲ. ಬಂದಷ್ಟನ್ನೂ ಸ್ಟೋರ್ ಕೀಪರ್ ರಂಗಪ್ಪನವರು ಹೊರಗೆ ಮಾರುತ್ತಿದ್ದಾರೆಂದು ಯಜಮಾನರ ಕಿವಿಗೆ ಹಾಕಿದವನು ನಾನೇ. ಸೋಮವಾರದಿಂದ ಅವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಪುರಾವೆ ತರುತ್ತೇನೆಂದು ನಾನು ಹೊರಟಿದ್ದೆ.

ಹೆಬ್ಬಾಳದ ಡೀಲರು ಕಾಫಿ ತರಿಸಿ, ಹಡಗು ಮದ್ರಾಸಿನಲ್ಲಿ ನಿಂತಿದೆ ಎಂದರು. ಯಲಹಂಕದವರು ಜಪಾನಿನ ಕಾರ್ಖಾನೆಯೇ ಕೈಯೆತ್ತಿದೆ ಎಂದರು. ಎರಡನ್ನೂ ನಂಬಲಿಲ್ಲ. ಆದರೆ ಯಾರೋ ಒಬ್ಬರು ಇದ್ದಬದ್ದ ಮಾಲನ್ನೆಲ್ಲ ಬುಕ್ ಮಾಡಿದ್ದಾರಂತೆ, ಆರ್.ಟಿ. ನಗರದ ಇಂಪೋರ್ಟರ್ ಹೇಳಿದರು ಎಂದು ಇಬ್ಬರೂ ಹೇಳಿದ್ದರಿಂದ ನನ್ನ ಕಿವಿ ನೆಟ್ಟಗಾಯಿತು. ಹಾಗೆ ಮಾಲು ಬಾಚಿಕೊಳ್ಳುತ್ತಿರುವವನೇ ರಂಗಪ್ಪನವರ ಗಿರಾಕಿ ಇರಬೇಕು. ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಉಪ್ಪು ಹೆಚ್ಚಾದ ಚಿತ್ರಾನ್ನ ತಿಂದು, ಖುಷಿಯಿಂದಲೇ ಆರ್.ಟಿ. ನಗರದ ಬಸ್ಸು ಹಿಡಿದೆ.

ಇಂಪೋರ್ಟರ್ ಅಜೀಜ್ ಸಾಹೇಬರು ಮಗಳಿಗೆ ಉರ್ದುವಿನಲ್ಲಿ ಚಹಾ ಹೇಳಿ, ಮಾಲು ಬುಕ್ ಮಾಡಿದವರು ಯಾರೆಂಬ ನನ್ನ ಪ್ರಶ್ನೆಗೆ ಉತ್ತರವಾಗಿ ಮೂರು ಆರ್ಡರ್ ಪತ್ರಗಳನ್ನು ಮೇಜಿನ ಮೇಲೆ ಹರಡಿದರು. ಹೆಬ್ಬಾಳ, ಯಲಹಂಕ, ನಾಗಸಂದ್ರದ ಡೀಲರುಗಳ ಮೂಲಕ ಬಂದವು. ಮೂರರ ಕೆಳಗೂ ನನ್ನದೇ ಸಹಿ.

"ಒಂದೇ ಮಾಲು, ಮೂರು ಕಡೆಯಿಂದ ಆರ್ಡರ್. ಬ್ಲ್ಯಾಕಲ್ಲಿ ಮಾರೋಕೆ ಕೂಡಿಡ್ತಾ ಇದೀರ ಅಂತ ನಾನೇ ತಡೆದಿಟ್ಟೆ ಸಾರ್," ಎಂದರು.

ಒಬ್ಬ ಡೀಲರು ಕೈಕೊಟ್ಟರೆ ಇನ್ನೊಬ್ಬನಿರಲಿ ಎಂದು ಮೂವರಿಗೂ ಬರೆದಿದ್ದೆ. ಯಾರನ್ನೂ ನಂಬದವನಿಗೆ ಅದು ಜಾಣತನವೆನಿಸಿತ್ತು. ನಾಚಿಕೆಯಾಗಿ ಚಹಾ ಪಕ್ಕಕ್ಕಿಟ್ಟೆ. ಎರಡು ಪತ್ರಗಳನ್ನು ರದ್ದು ಮಾಡಿ ಸಹಿ ಹಾಕಿದೆ. ಅವರು ಚಿಪ್‌ಗಳ ಪೊಟ್ಟಣ ಕೊಟ್ಟರು. ಪತ್ರಗಳನ್ನೂ ಕೇಳಿ ಇಸಕೊಂಡೆ.

ಕಾರ್ಖಾನೆಗೆ ಹೋಗುವ ಮೊದಲು ಮತ್ತಿಕೆರೆಯಲ್ಲಿ ಇಳಿದೆ. ರಂಗಪ್ಪನವರು ಬನಿಯನ್ನಿನಲ್ಲೇ ಬಾಗಿಲು ತೆಗೆದು, "ಚಿಪ್ ಸಿಕ್ತಾ ಸಾರ್?" ಎಂದರು.

ಪತ್ರಗಳನ್ನು ಕೈಗಿತ್ತು, ತಪ್ಪು ನನ್ನದೆಂದು ಹೇಳಿದೆ. ಮೂರನ್ನೂ ನಿಧಾನವಾಗಿ ಓದಿದರು.

"ಯಜಮಾನ್ರಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಶರ್ಟ್ ಹಾಕ್ಕೊಂಡ್ ಬರ್ತೀನಿ. ನನ್ನೆದುರಿಗೇ ಹೇಳಿ."

ಯಶವಂತಪುರದ ಕಾರ್ಖಾನೆಯವರೆಗೆ ನಡೆದೇ ಹೋದೆವು. ಪತ್ರಗಳು ಅವರ ಜೇಬಿನಲ್ಲಿದ್ದವು. ನನ್ನ ಕೈಗೆ ವಾಪಸ್ ಕೊಡಲಿಲ್ಲ.