ಹಸು ಬಿಟ್ಟ ನೀರು

ಗರುಡಾಚಾರ್‌ಪಾಳ್ಯದ ಹೋಟೆಲೊಂದರ ಮುಂದೆ ಇವತ್ತು ಹಸುವೊಂದು ಬಕೆಟ್ಟಿನ ನೀರಿಗೆ ನಾಲಿಗೆ ತಾಗಿಸಿ, ಕುಡಿಯದೆ ಮುಖ ತಿರುಗಿಸಿತು. ಅದೇ ನೀರು ನನ್ನ ಲೋಟದಲ್ಲೂ ಇತ್ತು. ಅವ್ವ ನೆನಪಾದಳು.

ಕಲಬುರಗಿ ಕಡೆಯಿಂದ ಬಂದ ನಾವು ಇದೇ ಬೀದಿಯ ಬಾಡಿಗೆ ಕೋಣೆಯಲ್ಲಿದ್ದೆವು. ಓನರಮ್ಮನ ಹಸುವಿಗೆ ನೀರು ಕುಡಿಸುವುದು ಅವ್ವನ ಕೆಲಸ. ನಲ್ಲಿ ಬಾರದ ದಿನ ಫ್ಯಾಕ್ಟರಿ ಪಕ್ಕದ ಬೋರ್‌ವೆಲ್ ನೀರು ತರುತ್ತಿದ್ದಳು. ಅದನ್ನು ಕುಡಿದು ಹಸು ಒಮ್ಮೆ ಮೇವು ಬಿಟ್ಟು ಮಲಗಿಬಿಟ್ಟಿತು. ಎದ್ದ ಮೇಲೆ ಬೋರ್‌ವೆಲ್ ನೀರನ್ನು ನಾಲಿಗೆಯ ತುದಿಯಲ್ಲೇ ಗುರುತಿಸುತ್ತಿತ್ತು. ಬೂಸಾ ಕಲಸಿಟ್ಟರೂ ಮೋಸಹೋಗಲಿಲ್ಲ. ನಮಗೆ ಮಾತ್ರ ಎರಡೂ ನೀರಿನ ರುಚಿ ಒಂದೇ.

“ಅದು ಮುಟ್ಟದೇ ಇರೋ ನೀರು ಚೆಲ್ಬಿಡಮ್ಮ,” ಎಂದರು ಓನರಮ್ಮ.

“ನಮ್ಮೂರಾಗ ಒಂದು ಕೊಡ ನೀರಿಗಿ ಅರ್ಧ ದಿನ ನಿಂದರ್ತಿದ್ವಿರಿ. ಹ್ಯಾಂಗ ಚೆಲ್ಲಲಿ?” ಎಂದಳು ಅವ್ವ.

ಹಸು ಬಿಟ್ಟ ನೀರನ್ನು ಒಳಗೆ ತಂದು, ಸೆರಗಿನಲ್ಲಿ ಸೋಸಿ ಅನ್ನಕ್ಕಿಡುತ್ತಿದ್ದಳು. ಉಳಿದದ್ದನ್ನು ತಾನೇ ಕುಡಿಯುತ್ತಿದ್ದಳು. ಕೆಲವು ವರ್ಷಗಳಲ್ಲಿ ಅವಳ ಕಾಲು ಊದಿಕೊಂಡಿತು, ಆಮೇಲೆ ಮುಖ. ಕಿಡ್ನಿ ಹೋಗಿದೆ ಎಂದ ಡಾಕ್ಟರು ಕಾರಣ ಹೇಳಲಿಲ್ಲ. ಅವಳು ಹೋದಾಗ ಹಸು ಇನ್ನೂ ಹಾಲು ಕೊಡುತ್ತಿತ್ತು.

ಲೋಟದ ನೀರಿಗೆ ನಾಲಿಗೆಯ ತುದಿ ತಾಗಿಸಿ ನೋಡಿದೆ. ಏನೂ ತಿಳಿಯಲಿಲ್ಲ. ಚೆಲ್ಲಲು ಕೈ ಬಾರದೆ ಕುಡಿದೆ.